ಸುಮ್ಕಿರಮ್ಮಿ, ಮೀನು ಓಡೋಯ್ತದೆ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಮದುವೆಯಾದ ದಿನವೇ ಹೇಳಿಕೊಟ್ಟಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತೇನೆ: ನಮ್ಮ ಯಜಮಾನರ ಹೆಸರು ಕಾಂತರಾಜು. ವಯಸ್ಸು ಐವತ್ನಾಲ್ಕು. ಊರು ಹುಣಸೂರು ತಾಲೂಕು, ಕಟ್ಟೆಮಳಲವಾಡಿಯ ಪಕ್ಕದ್ದು. ಹೊಲದಲ್ಲಿ ಹೊಗೆಸೊಪ್ಪು, ರಾಗಿ. ನಾಲೆಯ ಕೆಳಗೆ ಒಂದಿಷ್ಟು ಗದ್ದೆ. ಕೊಟ್ಟಿಗೆಯಲ್ಲಿ ಮೂರು ಹಸು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಇಷ್ಟೆಲ್ಲ ಒಳ್ಳೆಯ ಗುಣ ಇರುವ ಮನುಷ್ಯನ ಜೊತೆ ಇಪ್ಪತ್ತಾರು ವರ್ಷ ಬಾಳಿ ನನ್ನ ತಲೆ ಪೂರ್ತಿ ಕೆಟ್ಟುಹೋಗಿದೆ.

ಕಾರಣ ಗಾಳ. ಲಕ್ಷ್ಮಣತೀರ್ಥ ಹೊಳೆಗೆ ಕಟ್ಟೆ ಕಟ್ಟಿರುವ ಕಡೆ ಒಂದು ಕಲ್ಲಿದೆ. ಹೊಲದ ಕೆಲಸ ಮುಗಿದರೆ ಇವರು ಆ ಕಲ್ಲಿನ ಮೇಲೆ. ಕೈಯಲ್ಲಿ ಬಿದಿರುಕಡ್ಡಿ, ದಾರದ ತುದಿಗೆ ಎರೆಹುಳ, ನಡುವೆ ನೀರಿನ ಮೇಲೆ ತೇಲುವ ಬೆಂಡು. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಬೆಂಡು ಅದು. ಬೆಂಡು ಮುಳುಗಿದರೆ ಮೀನು ಕಚ್ಚಿದೆ ಎಂದು ಅರ್ಥ, ಕಡ್ಡಿ ಎತ್ತಬೇಕು. ಅದು ಮುಳುಗುವ ತನಕ ಉಸಿರೂ ಜೋರಾಗಿ ಬಿಡಬಾರದು. ಮದುವೆಯಾದ ವಾರಕ್ಕೆ ಹೊಸ ಸೀರೆ ಉಟ್ಟುಕೊಂಡು ಇವರ ಹಿಂದೆ ಹೋಗಿ ಆ ಕಲ್ಲಿನ ಪಕ್ಕ ಕೂತಿದ್ದೆ. ‘ನಿಮ್ಗೆ ಯಾವ ಸಾರು ಇಷ್ಟ?’ ಎಂದು ಕೇಳಿದೆ. ಇವರು ತುಟಿಯ ಮೇಲೆ ಬೆರಳಿಟ್ಟು, ‘ಸುಮ್ಕಿರಮ್ಮಿ, ಮೀನು ಓಡೋಯ್ತದೆ’ ಅಂದರು. ಆಮೇಲೆ ನಮ್ಮ ಸಂಸಾರದ ಎಷ್ಟೋ ಮಾತುಕತೆ ಇದೇ ರೀತಿ ನಡೆದಿದೆ. ಮಗಳನ್ನು ಯಾವ ಶಾಲೆಗೆ ಹಾಕುವುದು, ಬೋರು ಎಲ್ಲಿ ತೆಗೆಸುವುದು, ಯಾವುದನ್ನು ಕೇಳಲು ಹೋದರೂ ಇವರು ಕಟ್ಟೆಯಲ್ಲಿರುತ್ತಿದ್ದರು, ಬೆರಳು ತುಟಿಯ ಮೇಲಿರುತ್ತಿತ್ತು. ಕೊನೆಗೆ ನಾನೇ ಏನೋ ಒಂದು ತೀರ್ಮಾನ ಮಾಡಬೇಕು. ಅದು ಸರಿಹೋದರೆ ಊರವರು ಇವರನ್ನು ಹೊಗಳಬೇಕು.

ಆದರೆ ಈ ಸಲದ ವಿಷಯವನ್ನು ನಾನೊಬ್ಬಳೇ ತೀರ್ಮಾನಿಸುವ ಹಾಗಿರಲಿಲ್ಲ. ನಮ್ಮೂರಿನ ಮಹಿಳಾ ಡೈರಿಗೆ ಹನ್ನೊಂದು ವರ್ಷದಿಂದ ಎರಡು ಹೊತ್ತು ಹಾಲು ಹಾಕುತ್ತಿದ್ದೇನೆ. ಹೆಸರಿಗೆ ಮಹಿಳಾ ಡೈರಿ, ನಿರ್ದೇಶಕರೆಲ್ಲ ಹೆಂಗಸರೇ. ಮೀಟಿಂಗಿನ ದಿನ ಕುರ್ಚಿಯಲ್ಲಿ ಬಂದು ಕೂರುವವರು ಮಾತ್ರ ಅವರ ಗಂಡಂದಿರು. ಆಮೇಲೆ ಮೀಟಿಂಗಿನ ಪುಸ್ತಕ ಮನೆಗೆ ಬರುತ್ತದೆ, ಹೆಂಗಸರು ಒಲೆಯ ಮುಂದೆ ಕೂತೇ ರುಜು ಹಾಕಿ ಕಳಿಸುತ್ತಾರೆ. ನಮ್ಮ ಬೀದಿಯ ಚಲುವಯ್ಯನವರ ಹೆಂಡತಿ ಎರಡು ಸಲ ಗೆದ್ದವರು. ಡೈರಿಯ ಒಳಗಿನ ಕೋಣೆ ಹೇಗಿದೆ ಎಂದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ಮಳೆಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವರು ನಾವು, ನಮಗೆ ಒಂದು ಶೀಟು ಹಾಕಿಸಬೇಕೋ ಬೇಡವೋ ಎಂದು ಹೇಳುವವರು ಅವರು. ಈ ಸಲ ನಾನು ನಿಲ್ಲಬೇಕು, ಗೆದ್ದರೆ ಆ ಕುರ್ಚಿಯಲ್ಲಿ ನಾನೇ ಕೂರಬೇಕು ಎಂದು ಹಟ ಬಂತು.

ನಾಮಪತ್ರಕ್ಕೆ ಗಂಡನ ರುಜು ಬೇಕಿಲ್ಲ. ಆದರೆ ಓಟು ಹಾಕುವ ಅರ್ಧಕ್ಕರ್ಧ ಮನೆಗಳು ಇವರ ದಾಯಾದಿಗಳವು. ‘ಕಾಂತಣ್ಣ ಏನಂತು?’ ಎಂದು ಕೇಳದೆ ಅಲ್ಲಿ ಒಬ್ಬಳೂ ಓಟು ಹಾಕುವುದಿಲ್ಲ. ಇವರು ಹೂಂ ಅಂದರೆ ನಿಲ್ಲಬಹುದು. ಬೇಡ ಅಂದರೆ ಜಗಳವನ್ನಾದರೂ ಆಡಬಹುದು. ಹದಿನೈದು ದಿನದಲ್ಲಿ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಬೆರಳು. ನಾಮಪತ್ರಕ್ಕೆ ಸೋಮವಾರ ಮಧ್ಯಾಹ್ನ ಮೂರು ಗಂಟೆಯೇ ಕಡೆಯಾಗಿತ್ತು.

ಅಷ್ಟರಲ್ಲಿ ಮಗಳು ಪವಿತ್ರಾ ಮತ್ತು ಅಳಿಯ ರಘು ಶನಿವಾರ, ಭಾನುವಾರ ಎಲ್ಲರೂ ಕಣ್ಣೂರಿನ ಸಮುದ್ರಕ್ಕೆ ಹೋಗೋಣ ಎಂದು ಕಾರು ತಂದು ಬಾಗಿಲಿಗೆ ನಿಲ್ಲಿಸಿದರು. ನನಗೆ ಒಳಗೊಳಗೇ ಖುಷಿ. ಸಮುದ್ರ ನೋಡುವ ಆಸೆಗಿಂತ ಹೆಚ್ಚಾಗಿ, ಎರಡು ದಿನ ಈ ಮನುಷ್ಯನಿಗೆ ಕಟ್ಟೆ ಇರುವುದಿಲ್ಲ, ಕಲ್ಲು ಇರುವುದಿಲ್ಲ, ಬಾಯಿ ಬಿಡಿಸಬಹುದು ಎಂಬ ಖುಷಿ. ಆದರೆ ನಮ್ಮ ಅಳಿಯನಿಗೆ ಬಾಯಿ ಸುಮ್ಮನಿರಬೇಕಲ್ಲ.

‘ಮಾವ, ಅಲ್ಲಿ ದಡದಲ್ಲೇ ನಿಂತ್ಕೊಂಡು ಮೀನು ಹಿಡೀಬೋದಂತೆ’ ಅಂದ.

ಮುಗಿಯಿತು. ಹತ್ತು ನಿಮಿಷದಲ್ಲಿ ಬಿದಿರುಕಡ್ಡಿ ಕಾರಿನ ನೆತ್ತಿಗೆ ಏರಿತು. ಎರೆಹುಳ ತುಂಬಿದ ಸ್ಟೀಲ್ ಡಬ್ಬಿ ನನ್ನ ಕಾಲಡಿಗೆ ಬಂತು. ಸಮುದ್ರದ ಮೀನು ದೊಡ್ಡದಿರುತ್ತದೆ ಎಂದು ರಾಗಿಹಿಟ್ಟಿನ ಉಂಡೆಯನ್ನೂ ಮಾಡಿಸಿಕೊಂಡರು. ಯಾರ ಕೈಯಲ್ಲಿ ಮಾಡಿಸಿಕೊಂಡರು ಎಂದು ಬೇರೆ ಹೇಳಬೇಕಿಲ್ಲ. ಗೋಣಿಕೊಪ್ಪ ದಾಟಿ ಘಟ್ಟ ಇಳಿಯುವಾಗ ಪವಿತ್ರಾ ಕೋಡುಬಳೆ ಇದೆಯೆಂದುಕೊಂಡು ಆ ಡಬ್ಬಿ ತೆಗೆದು ಕಿರುಚಿದ್ದಕ್ಕೆ, ಮಾಕುಟ್ಟದ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಸೀಟಿನ ಕೆಳಗೆಲ್ಲ ಹುಳ ಹುಡುಕಬೇಕಾಯಿತು.

ಶನಿವಾರ ಮಧ್ಯಾಹ್ನ ಸಮುದ್ರದ ಮುಂದೆ ನಿಂತಾಗ ಒಂದು ಗಳಿಗೆ ನನಗೆ ಎಲ್ಲವೂ ಮರೆತುಹೋಯಿತು. ಅಷ್ಟು ನೀರನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ಇವರು ನೋಡಿದ್ದು ಕಡ್ಡಿ ಊರಲು ಜಾಗ. ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದು ಗಾಳ ಎಸೆದರು. ಅಲೆ ಬಂತು, ಬೆಂಡು ಮುಳುಗಿತು, ಇವರು ಸರ್ರನೆ ಕಡ್ಡಿ ಎತ್ತಿದರು. ಏನೂ ಇಲ್ಲ. ಮತ್ತೆ ಎಸೆದರು, ಮತ್ತೆ ಅಲೆ, ಮತ್ತೆ ಬೆಂಡು ಮುಳುಗಿತು, ಮತ್ತೆ ಎತ್ತಿದರು. ಸಮುದ್ರದಲ್ಲಿ ಅಲೆ ನಿಲ್ಲುವುದುಂಟೇ? ಒಂದು ಗಂಟೆ ಈ ಮನುಷ್ಯ ಭತ್ತ ಬಡಿಯುವವರ ಹಾಗೆ ಕಡ್ಡಿ ಎತ್ತಿ ಇಳಿಸಿ ಮಾಡಿದರು. ಗಾಳ ನಾಲ್ಕು ಮಾರು ಹೋಗಿ ಮುಂದಿನ ಅಲೆಯ ಜೊತೆ ಇವರ ಕಾಲಿಗೇ ಬಂದು ಸುತ್ತಿಕೊಳ್ಳುತ್ತಿತ್ತು. ರಾಗಿ ಉಂಡೆ ನೀರು ಕಂಡ ಕೂಡಲೇ ಅಂಬಲಿಯಾಯಿತು.

‘ಗದ್ಲ ಜಾಸ್ತಿ ಕಣಮ್ಮಿ ಇಲ್ಲಿ. ಅದ್ಕೇ ಮೀನು ಬತ್ತಾ ಇಲ್ಲ’ ಅಂದರು.

ಅಂದವರು ಸುಮ್ಮನಿದ್ದರೇ? ಪಕ್ಕದಲ್ಲಿ ವಾಲಿಬಾಲ್ ಆಡುತ್ತಿದ್ದ ಹುಡುಗರ ಹತ್ತಿರ ಹೋಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅವರಿಗೆ ಕನ್ನಡ ಬಾರದು, ಇವರಿಗೆ ಮಲಯಾಳ ಬಾರದು. ಯಾರದೋ ಮನೆಯಲ್ಲಿ ಸಾವಾಗಿದೆ ಎಂದು ತಿಳಿದು ಅವರು ಪಾಪ ನೆಟ್ಟು ಬಿಚ್ಚಿಕೊಂಡು ದೂರ ಹೋದರು. ನನಗೆ ಮರಳಿನಲ್ಲಿ ಹುಗಿದುಹೋಗುವಷ್ಟು ನಾಚಿಕೆಯಾಯಿತು. ಆದರೂ ಬಿಡದೆ ಹತ್ತಿರ ಹೋಗಿ, ‘ರೀ, ಆ ಡೈರಿ ವಿಷ್ಯ...’ ಅಂದೆ. ಹಿಂದಿರುಗಿ ನೋಡಲೂ ಇಲ್ಲ, ಬೆರಳು ಮಾತ್ರ ಮೇಲೆ ಹೋಯಿತು. ಆ ರಾತ್ರಿ ಲಾಡ್ಜಿನಲ್ಲಿ ಕೇಳೋಣ ಎಂದುಕೊಂಡರೆ, ನಾನು ಉಂಡು ಕೈ ತೊಳೆಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ಜಾಗ, ಅದೇ ಬೆಂಡು. ಮಧ್ಯಾಹ್ನ ಊರಿಗೆ ಹೊರಡಬೇಕು. ಪವಿತ್ರಾ, ರಘು ಸ್ವಲ್ಪ ದೂರದಲ್ಲಿ ನೀರಾಡುತ್ತಿದ್ದರು. ನಾನು ಮರಳಿನ ಮೇಲೆ ಕೂತು, ನಾಳೆ ಮೂರು ಗಂಟೆಗೆ ಇನ್ನೆಷ್ಟು ಹೊತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆಗ ನಮ್ಮ ಬಲಕ್ಕೆ ಒಬ್ಬ ಬಂದು ನಿಂತ. ಸುಮಾರು ಅರವತ್ತು ವರ್ಷ, ತಲೆಗೆ ಟವೆಲು, ಕೈಯಲ್ಲಿ ರೀಲು ಸುತ್ತಿದ ಉದ್ದನೆಯ ಕಡ್ಡಿ. ದಾರಕ್ಕೆ ಬೆಂಡು ಇರಲಿಲ್ಲ, ಸೀಸದ ಗುಂಡು ಇತ್ತು. ಗಾಳಕ್ಕೆ ಸೀಗಡಿ ಚೂರು ಸಿಕ್ಕಿಸಿ ಬೀಸಿ ಒಗೆದರೆ ಅಲೆಗಳ ಆಚೆಗೆ ಹೋಗಿ ಬಿತ್ತು. ಕಡ್ಡಿಯನ್ನು ಒಂದು ಪೈಪಿನಲ್ಲಿ ಊರಿ, ಜೇಬಿನಿಂದ ಫೋನು ತೆಗೆದು ಗಂಟಲು ಹರಿಯುವ ಹಾಗೆ ಮಾತಾಡತೊಡಗಿದ. ಆ ಕಡೆಯ ಹೆಂಗಸು ಸ್ಪೀಕರಿನಲ್ಲಿ ಅವನಿಗಿಂತ ಜೋರು. ಜಗಳ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ, ಹೆಂಡತಿ ಎಂದು ತಿಳಿಯಲು ಮೊದಲೇ ಬೇಕಿರಲಿಲ್ಲ. ಜಗಳದ ನಡುವೆಯೇ ಕಡ್ಡಿ ಬಾಗಿತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ಬೈಯುತ್ತಲೇ ರೀಲು ಸುತ್ತಿ, ಅಂಗೈಯಗಲದ ಬೆಳ್ಳನೆಯ ಮೀನನ್ನು ದಡಕ್ಕೆಳೆದ. ಅರ್ಧ ಗಂಟೆಯಲ್ಲಿ ಇನ್ನೂ ಎರಡು.

ನಮ್ಮ ಯಜಮಾನರು ತಡೆಯಲಾರದೆ ಅವನ ಕಡೆಗೂ ಬೆರಳು ಎತ್ತಿದರು. ಅವನು ನಕ್ಕ.

‘ಮೈಸೂರು ಕಡೆಯಾ ಚೇಟ್ಟಾ? ನಾನು ದಿವಾಕರನ್. ಆರು ವರ್ಷ ಪಿರಿಯಾಪಟ್ಟಣದಲ್ಲಿ ಜಮೀನು ಗುತ್ತಿಗೆ ತಗೊಂಡು ಶುಂಠಿ ಹಾಕಿದ್ದೆ’ ಅಂದ. ‘ಇಲ್ಲಿ ಬೆಂಡು ಆಗೂದಿಲ್ಲ. ಮತ್ತೆ ಯಾಕೆ ಮೆಲ್ಲ ಮಾತಾಡೂದು? ಸಮುದ್ರ ಇಷ್ಟು ಕೂಗ್ತದೆ. ಅದಕ್ಕೆ ಓಡದ ಮೀನು ನನ್ನ ಮಾತಿಗೆ ಎಲ್ಲಿಗೆ ಓಡೂದು?’

ಅವನಿಗೆ ಅದು ಮೀನಿನ ಮಾತು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಸರಿಯಲ್ಲವೇ? ಕಟ್ಟೆಯಲ್ಲಿ ನೀರು ಧುಮುಕುವ ಸದ್ದು ಕಡಿಮೆಯೇ? ದನ ಇಳಿಯುತ್ತವೆ, ಹೆಂಗಸರು ಬಟ್ಟೆಯನ್ನು ಕಲ್ಲಿಗೆ ಬಡಿದು ಸೆಣೆಯುತ್ತಾರೆ, ಟ್ರ್ಯಾಕ್ಟರ್ ತೊಳೆಯುತ್ತಾರೆ. ಅದಕ್ಕೆಲ್ಲ ಓಡದ ಮೀನು ಇಪ್ಪತ್ತಾರು ವರ್ಷದಿಂದ ನನ್ನೊಬ್ಬಳ ಮಾತಿಗೆ ಓಡುತ್ತಿತ್ತೇ?

ಎದ್ದೆ. ಸೀರೆ ಒದ್ದೆಯಾದರೂ ಸರಿ ಎಂದು ನೀರಿಗಿಳಿದು ಇವರ ಮುಂದೆಯೇ ನಿಂತೆ. ದಾರ ನನ್ನ ಸೆರಗಿಗೆ ಸಿಕ್ಕಿಕೊಂಡಿತು.

‘ನಾಳೆ ನಾನು ಡೈರಿಗೆ ನಾಮಪತ್ರ ಹಾಕ್ಬೇಕು. ಹೂಂ ಅಂತೀರಾ, ಇಲ್ಲ ಅಂತೀರಾ?’ ಎಂದು ಕಿರುಚಿದೆ. ಕಿರುಚದಿದ್ದರೆ ಅಲ್ಲಿ ಕೇಳಿಸುತ್ತಿರಲಿಲ್ಲ. ಕಿರುಚಲು ನನಗೂ ಏನೂ ಬೇಸರವಿರಲಿಲ್ಲ.

ಬೆರಳು ಅರ್ಧ ಮೇಲೆ ಬಂದು ನಿಂತಿತು. ಇವರು ದಿವಾಕರನ್ ಕಡೆ ನೋಡಿದರು, ಸಮುದ್ರದ ಕಡೆ ನೋಡಿದರು, ಹೋಗಲು ಎಲ್ಲೂ ಜಾಗ ಕಾಣಲಿಲ್ಲ.

‘ಆಗಾಕಿಲ್ಲ ಕಣಮ್ಮಿ’ ಅಂದರು. ‘ಚಲುವಣ್ಣಂಗೆ ಮಾತು ಕೊಟ್ಬುಟ್ಟಿವ್ನಿ.’

‘ಏನಂತ?’

‘ನೀನು ನಿಲ್ಲಾಕಿಲ್ಲ ಅಂತ.’

‘ಯಾವಾಗ ಕೊಟ್ರಿ?’

‘ಆವತ್ತು ಕಟ್ಟೆ ತಾವ ಬಂದಿತ್ತು. ನಿನ್ ಹೆಂಡ್ತಿ ನಿಲ್ಲಾಕಿಲ್ಲ ತಾನೇ, ಎಲ್ರಿಗೂ ಅಂಗೇ ಹೇಳ್ಬುಡ್ಲಾ ಅಂತು. ಆಗ್ಲೇ ಬೆಂಡು ಅಲ್ಲಾಡ್ತಿತ್ತು. ಮಾತು ನಿಂತ್ರೆ ಸಾಕು ಅಂತ ಹೂಂ ಅಂದ್ಬುಟ್ಟೆ. ನಿಂಗೆ ಎಂಗ್ ಹೇಳದು ಅಂತ ತಿಳೀನಿಲ್ಲ.’

ಸಿಟ್ಟು ನೆತ್ತಿಗೇರಿತು. ನನ್ನನ್ನು ತಡೆಯಬೇಕು ಎಂದು ಮಾಡಿದ್ದರೆ ಒಂದು ಮಾತು. ಒಂದು ಜಿಲೇಬಿ ಮೀನಿನ ಆಸೆಗೆ ನನ್ನ ಚುನಾವಣೆಯನ್ನು ತೆಗೆದುಕೊಂಡು ಹೋಗಿ ಚಲುವಯ್ಯನ ಕೈಗೆ ಕೊಟ್ಟು ಬಂದಿದ್ದಾರೆ! ಅಳು ಬಂತು. ಅಳುವುದು ಆ ಉಪ್ಪುನೀರಿನಲ್ಲಿ ಯಾರಿಗೆ ಕಾಣಬೇಕು?

‘ಫೋನ್ ಮಾಡಿ’ ಅಂದೆ.

‘ಊರ್ಗೋದ್ಮೇಲೆ ಹೇಳ್ತೀನಿ ಬುಡು.’

‘ಊರ್ನಲ್ಲಿ ಕಟ್ಟೆ ಐತೆ. ನೀವು ಅಲ್ಲಿ ಹೋಗಿ ಕೂತ್ಕತೀರ. ಈಗ್ಲೇ ಮಾಡಿ, ಇಲ್ಲೇ ಮಾಡಿ. ಇಲ್ದಿದ್ರೆ ನಾನು ಕಾರ್ ಹತ್ತಾಕಿಲ್ಲ.’

ನಾನು ಹತ್ತುವುದಿಲ್ಲ ಅಂದರೆ ಹತ್ತುವುದಿಲ್ಲ ಎಂದು ಇವರಿಗೆ ಗೊತ್ತು. ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ಅಂಗಿ ಜೇಬಿನ ಪ್ಲಾಸ್ಟಿಕ್ ಕವರಿನಿಂದ ಫೋನು ತೆಗೆದು ಹಚ್ಚಿದರು. ಅಭ್ಯಾಸಬಲ, ನೀರಿನಲ್ಲಿ ನಿಂತಿದ್ದಾರಲ್ಲ, ಪಿಸುಗುಟ್ಟಿದರು. ‘ಚಲುವಣ್ಣ... ನಾನು ಕಾಂತರಾಜು. ಆ ಡೈರಿ ವಿಷ್ಯ...’

ಆ ಕಡೆಯಿಂದ ‘ಏನೂ?’ ಎಂಬ ಕೂಗು ನನಗೂ ಕೇಳಿಸಿತು.

‘ನಮ್ಮೋಳು ನಿಂತ್ಕತಾಳಂತೆ.’

‘ಏನ್ಲಾ? ಏನ್ ಸದ್ದು ಅದು? ಜೋರಾಗಿ ಮಾತಾಡ್ಲಾ!’

‘ಜೋರಾಗಿ’ ಎಂದು ನಾನೂ ಅಂದೆ.

ಆಗ ದೊಡ್ಡ ಅಲೆಯೊಂದು ಬಂದು ಇವರ ಸೊಂಟಕ್ಕೆ ಹೊಡೆಯಿತು. ಬೀಳದೆ ಸಾವರಿಸಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಕೇಳದ ಗಂಟಲಿನಲ್ಲಿ ಇವರು ಕೂಗಿದರು: ‘ನನ್ ಹೆಂಡ್ತಿ ನಿಂತ್ಕತಾಳೆ ಕಣಣ್ಣೋ! ಡೈರಿಗೆ! ಸುನಂದ ನಿಂತ್ಕತಾಳೆ! ಅವತ್ತು ನಾನ್ ಹೂಂ ಅಂದಿದ್ದು ಸುಳ್ಳು! ನಿಂತ್ಕತಾಳೆ!’

ದೂರ ಹೋಗಿದ್ದ ವಾಲಿಬಾಲ್ ಹುಡುಗರು ತಿರುಗಿ ನೋಡಿದರು. ಪವಿತ್ರಾ, ರಘು ಗಾಬರಿಯಾಗಿ ಓಡಿಬಂದರು. ದಿವಾಕರನ್ ತನ್ನ ಜಗಳ ನಿಲ್ಲಿಸಿ ನಮ್ಮದನ್ನು ಕೇಳುತ್ತಿದ್ದ. ‘ಕಿರುಚ್ಬ್ಯಾಡ ಕಣ್ಲಾ, ಕೇಳುಸ್ತು’ ಎಂದು ಚಲುವಯ್ಯನವರು ಫೋನಿಟ್ಟರು.

ಇವರು ಏದುಸಿರು ಬಿಡುತ್ತಾ ನಿಂತಿದ್ದರು. ‘ಕೇಳುಸ್ತಂತೆ’ ಅಂದರು.

‘ಅವರಿಗೆ ಹೇಳಿದ್ದಾಯ್ತು. ನಂಗೇಳಿ.’

ಇವರು ನನ್ನ ಕೈಯಿಂದ ಕಡ್ಡಿ ಇಸಿದುಕೊಂಡರು. ನನ್ನ ಸೆರಗಿನಿಂದ ಗಾಳ ಬಿಡಿಸುತ್ತಾ, ದನಿ ತಗ್ಗಿಸದೆಯೇ ಹೇಳಿದರು: ‘ನಿಂತ್ಕೊ ಕಣಮ್ಮಿ. ದಾಯಾದಿಗಳ ಮನೆಗೆಲ್ಲ ನಾನೇ ಹೋಗಿ ಹೇಳ್ತೀನಿ. ಗೆದ್ಮೇಲೆ ಮೀಟಿಂಗಿಗೆ ಮಾತ್ರ ನನ್ನ ಕರೀಬ್ಯಾಡ. ನಾನ್ ಬರಾಕಿಲ್ಲ. ನೀನೇ ಹೋಗಿ ಕೂತ್ಕೊ.’

ಕಟ್ಟೆಗೆ ಹೋಗುವುದು ತಪ್ಪುತ್ತದೆ ಎಂದು ಅಂದರೋ, ನನ್ನ ಮನಸ್ಸು ತಿಳಿದು ಅಂದರೋ, ಕೇಳಲು ನಾನು ಹೋಗಲಿಲ್ಲ.