ಮೂರರೊಳಗೆ ಹೋಗದ ಎಂಟು

ಗೆಳೆಯರೇ, ಇವತ್ತು ಬೆಳಿಗ್ಗೆ ರಾಯಾಪುರದ ನಮ್ಮ ಮನೆಯಲ್ಲಿ ಒಂದು ಭಾಗಾಕಾರಕ್ಕಾಗಿ ಜಗಳವಾಯಿತು. ಐದನೇ ತರಗತಿಯ ಮಗಳು ಸೃಷ್ಟಿ ನಿನ್ನೆ ಶಾಲೆಯ ಬೋರ್ಡಿನ ಮೇಲೆ 832ನ್ನು 8ರಿಂದ ಭಾಗಿಸಿ 14 ಎಂದು ಬರೆದಿದ್ದಳು. ಇಡೀ ತರಗತಿ ನಕ್ಕಿತಂತೆ. ಇವತ್ತು ಮತ್ತೆ ತಾನೇ ಬೋರ್ಡಿಗೆ ಬರುತ್ತೇನೆಂದು ಟೀಚರಿಗೆ ಹೇಳಿ ಬಂದಿದ್ದಾಳೆ.

ಬೆಳಿಗ್ಗೆ ಮನೆಯಲ್ಲಿ ಮಾಡಿದಾಗಲೂ 14 ಬಂತು. "ತಿರುಗಿ ಎಂಟರಿಂದ ಗುಣಿಸಿ ನೋಡು" ಎಂದೆ. 112 ಆಯಿತು. ಮುಖ ಸಣ್ಣದಾಯಿತು.

ಅಷ್ಟರಲ್ಲಿ ನಮ್ಮವರು ಬಂದು ಅವಳ ಪೆನ್ಸಿಲ್ ತೆಗೆದುಕೊಂಡು, "ಇಷ್ಟಕ್ಕ ಯಾಕ ಒದ್ದಾಡ್ತಿ? ನೂರಾ ನಾಕು ಅಂತ ಬರಕೋ" ಎಂದರು.

"ಅಪ್ಪಾ, ಉತ್ತರ ಪುಸ್ತಕದ ಹಿಂದನೂ ಐತಿ. ನನಗ ಮಾಡಾಕ ಬರಬೇಕು" ಎಂದು ಅವಳು ಪೆನ್ಸಿಲ್ ಕಿತ್ತುಕೊಂಡಳು.

ಮತ್ತೆ ಮೊದಲಿನಿಂದ ಶುರು. ಎಂಟೊಂದ್ಲೆ ಎಂಟು ಕಳೆದು, 3 ಇಳಿಸಿ, ನಿಂತಳು. "ಅವ್ವಾ, ಮೂರರಾಗ ಎಂಟು ಹೋಗಂಗಿಲ್ಲ. ಹೋಗಲಾರದ್ದಕ್ಕ ಏನ್ ಬರೀಲಿ?"

"ಹೋಗಂಗಿಲ್ಲ ಅಂತನ ಬರಿ. ಅದಕ್ಕ ಸೊನ್ನಿ ಅಂತಾರ."

ಅವಳು ಮೇಲೆ 1ರ ಪಕ್ಕ ಸೊನ್ನೆ ಬರೆದು 2 ಇಳಿಸಿದಳು, 32ಕ್ಕೆ 4 ಹಾಕಿದಳು. 104. ನಾನು ಹೇಳುವ ಮೊದಲೇ ತಿರುಗಿ ಗುಣಿಸಿ, 832 ಬಂದ ಮೇಲೂ ನಗದೆ, "ಇನ್ನೊಂದ ಕೊಡು" ಎಂದಳು.

"ನಾಷ್ಟಾ ಯಾವಾಗ?" ಎಂದರು ನಮ್ಮವರು.

"ನಾವು ಲೆಕ್ಕ ಮಾಡಾಕತ್ತೇವಿ, ನಾಷ್ಟಾದ್ದು ನೀವ ನೋಡ್ರಿ" ಎಂದೆ.

ಈಗ ಅವರು ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾರೆ. ಉತ್ತರ ಗೊತ್ತಿದ್ದವರನ್ನು ಸುಮ್ಮನೆ ಕೂರಿಸಬಾರದು ನೋಡಿ.