ಅವ್ವನ ಟ್ಯೂಬ್ ಜಾರಿದ್ದು ಯಾರಿಂದ?

"ಈ ಮನ್ಯಾಗ ಒಬ್ರು ಬಿ.ಎ. ಆಗೂದು, ಅದನ್ನ ನಿಮ್ಮವ್ವ ಕಣ್ಣಾರೆ ನೋಡೂದು, ಎರಡೂ ಆಗೂದಲ್ಲ ಬಿಡು."

ಹೀಗೆ ಹೇಳಿದವರು ನಮ್ಮ ಸಿದ್ದಪ್ಪ ಕಾಕಾ. ಮಸರಕಲ್ಲಿನ ನಮ್ಮ ಮನೆಯಲ್ಲಿ, ಅವ್ವನ ಎದುರಿಗೇ. (ಕೆಟ್ಟವರಲ್ಲ. ಬಾಯಿಗೆ ಬಾಗಿಲಿಲ್ಲ, ಅಷ್ಟೆ.) ಕೂಲಿ ಮಾಡುವ ಮನೆಯಿಂದ ರಾಯಚೂರಿನ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಫೈನಲ್ ಪರೀಕ್ಷೆ ಹತ್ತಿರವಿತ್ತು. ಅವ್ವನ ಕಣ್ಣು ಅರಿಶಿನದ ನೀರಿನಂತಾಗಿದ್ದವು.

ಕಾಮಣಿ ಎಂದರು ಎಲ್ಲರೂ. ಕೈಗೆ ಬರೆ ಹಾಕಿಸಿದೆವು. ಸೊಪ್ಪಿನ ರಸ ಕುಡಿಸಿದೆವು. ಇಳಿಯಲಿಲ್ಲ. ಕೊನೆಗೆ ಹೈದರಾಬಾದಿನ ಬಸ್ ಹತ್ತಿದೆವು. ಪಿತ್ತ ಇಳಿಯುವ ನಾಳ ಒಂದು ಕಡೆ ಕಿರಿದಾಗಿ ಕಟ್ಟಿಕೊಂಡಿದೆ, ಕ್ಯಾನ್ಸರ್ ಅಲ್ಲ ಎಂದರು ಅಲ್ಲಿಯ ಡಾಕ್ಟರ್. ಹೊಟ್ಟೆ ಕೊಯ್ಯದೆ, ಬಾಯಿಂದ ದುರ್ಬೀನು ಇಳಿಸಿ, ಆ ಜಾಗದಲ್ಲಿ ಸಣ್ಣ ಪ್ಲಾಸ್ಟಿಕ್ ಟ್ಯೂಬ್ ಇಟ್ಟರು. ಸ್ಟೆಂಟ್ ಅಂತೆ. ಅವ್ವನ ಕಣ್ಣು ಬೆಳ್ಳಗಾದವು. ನಾನು ಪರೀಕ್ಷೆ ಬರೆದೆ.

ರಿಸಲ್ಟ್ ಬರುವಷ್ಟರಲ್ಲಿ ಕಣ್ಣು ಮತ್ತೆ ಹಳದಿ! ಜೊತೆಗೆ ಚಳಿಜ್ವರ.

ಈಗ ಸಿಕ್ಕಿಬಿದ್ದವಳು ದೇವದುರ್ಗದ ನಮ್ಮ ಅತ್ತೆ, ಕಾಕಾನ ಅಕ್ಕ. ನಡುವೆ ಒಮ್ಮೆ ಅವ್ವ ಹೊಟ್ಟೆನೋವು ಎಂದಾಗ "ಬಟ್ಟಿ ಸರದದ", ಅಂದರೆ ಹೊಕ್ಕುಳು ಜಾರಿದೆ, ಎಂದು ಎಣ್ಣೆ ಹಚ್ಚಿ ತಿಕ್ಕಿದ್ದಳು. (ಹೊಟ್ಟೆಯಲ್ಲಿ ಏನೇ ಆಗಲಿ, ನಮ್ಮ ಕಡೆ ಮೊದಲು ತಿಕ್ಕುವುದೇ.)

"ನೀನ ತಿಕ್ಕಿ ತಿಕ್ಕಿ ಟ್ಯೂಬ್ ಜಾರಿಸಿದಿ, ಯಕ್ಕಾ! ಆಕಿ ಸತ್ರ ನಿನ್ನ ಮ್ಯಾಲ!" ಎಂದು ಕಾಕಾ ಕೂಗಾಡಿದರು. ಅತ್ತೆ ಊಟ ಬಿಟ್ಟಳು. 

ಮತ್ತೆ ಹೈದರಾಬಾದ್. ಅತ್ತೆಯೂ ಬಂದಳು. ಟ್ಯೂಬ್ ನಿಜಕ್ಕೂ ಜಾರಿ ಕರುಳಿಗೆ ಇಳಿದಿತ್ತು. ಡಾಕ್ಟರ್ ನಮ್ಮ ಮಾನ್ವಿ ಕಡೆಯವರು. ಅತ್ತೆ ಕೈ ಮುಗಿದಳು.

"ಯಪ್ಪಾ, ಖರೇ ಹೇಳು. ನಾ ತಿಕ್ಕಿದ್ದಕ್ಕ ಜಾರ್ತೇನು?"

"ಇಲ್ಲಬೇ ಯವ್ವಾ. ತಿಕ್ಕಬಾರದು, ಅದು ಬ್ಯಾರೆ ಮಾತು. ಆದ್ರ ಅದು ನುಣ್ಣನ ಟ್ಯೂಬ್, ಹಿಡಕೊಳ್ಳಾಕ ಏನೂ ಇದ್ದಿಲ್ಲ. ತಾನ ಜಾರ್ಯದ. ಈಗ ಹಾಕೂದಕ್ಕ ನೋಡು, ಎರಡೂ ತುದಿಗೆ ಸಣ್ಣ ರೆಕ್ಕಿ ಅದಾವ. ಮ್ಯಾಲಿಂದು ಕೆಳಗ ಇಳಿಯಾಕ ಬಿಡಂಗಿಲ್ಲ, ಕೆಳಗಿಂದು ಮ್ಯಾಲ ಹೋಗಾಕ ಬಿಡಂಗಿಲ್ಲ."

ಮಂಚದ ಮೇಲಿಂದ ಅವ್ವ: "ಅಂದ್ರ, ಲಂಗದ ಲಾಡಿ ಒಳಗ ಹೋಗಬಾರದಂತ ಎರಡೂ ಕಡಿ ಗಂಟ ಹಾಕಿದಂಗ?"

ಡಾಕ್ಟರ್ ಗಹಗಹಿಸಿ ನಕ್ಕರು. "ಹಂಗ ಅನ್ಕೋ. ಆದ್ರ ಇದೂ ಕಟ್ಕೋತದ, ಕೆಲವು ತಿಂಗಳಿಗೆ ಬದಲಿಸಬೇಕು. ಕಣ್ಣ ಹಳದಿ ಆತು, ಚಳಿಜ್ವರ ಬಂತು ಅಂದ್ರ ಬರಿ ಹಾಕಿಸ್ಕೋತ ಕೂಡಬ್ಯಾಡ್ರಿ. ಬಸ್ ಹತ್ರಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದು ಹೊಟ್ಟೆ ತುಂಬ ಉಂಡಳು.

ಒಂದು ಮಾತು ಕೇಳಲೇ? ಮನೆಯಲ್ಲಿ ಕಾಯಿಲೆ ಜೋರಾದರೆ ನಾವು ಕಾರಣ ಹುಡುಕುವ ಮೊದಲು ಒಬ್ಬ ಹೆಂಗಸನ್ನು ಹುಡುಕುತ್ತೇವಲ್ಲ, ಯಾಕೆ?

ಕಳೆದ ಸೋಮವಾರ ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು ಹಾಕಿಸಿ ಊರಿಗೆ ಒಯ್ದೆ. ಅವ್ವ ಮತ್ತೆ ಬೆಳ್ಳಗಾದ ಕಣ್ಣುಗಳಿಂದ ಅದನ್ನು ಬಹಳ ಹೊತ್ತು ನೋಡಿ, ಕಾಕಾನ ಕೈಗೆ ಕೊಟ್ಟಳು.  ಕಾಕಾ ಸುತ್ತಿಗೆ ತಂದು ಗೋಡೆಗೆ ಮೊಳೆ ಹೊಡೆಯತೊಡಗಿದರು.

ಹಿಂದಿನಿಂದ ಅತ್ತೆಯ ದನಿ: "ಎರಡೂ ಕಡಿ ಹೊಡಿಯೋ ತಮ್ಮಾ. ಇದೂ ಜಾರಿದ್ರ ಮತ್ತ ನನ್ನ ಮ್ಯಾಲ ಹಾಕಿಗೀಕಿ!"