ತುಳಸವ್ವ ಕುಣಿಗಿಳಿದ ಅಮಾವಾಸ್ಯೆ

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ಹುಳಿ ವಾಸನೆ ನಿಮಗೂ ಗೊತ್ತಿರಬೇಕು. ಸೀರೆ ವ್ಯಾಪಾರದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಆ ವಾಸನೆ ಬಂದೊಡನೆ ಬನಹಟ್ಟಿಯ ನಮ್ಮ ಸಾಲುಮನೆ ಕಣ್ಣೆದುರು ನಿಲ್ಲುತ್ತದೆ. ಸಂಸ್ಥಾನದ ಕಾಲ ಅದು. ಸಾವಕಾರರೊಬ್ಬರು ಬಡ ನೇಕಾರರಿಗೆಂದು ಧರ್ಮಕ್ಕೆ ಕಟ್ಟಿಸಿದ ಮನೆಗಳು. ಪ್ರತಿ ಪಡಸಾಲೆಯಲ್ಲೂ ನೆಲ ಅಗೆದು ಮಾಡಿದ ಕುಣಿ, ಅದಕ್ಕೊಂದು ಮಗ್ಗ. ಬಾಡಿಗೆ ಇರಲಿಲ್ಲ. ಕಟ್ಟಳೆ ಮಾತ್ರ ಒಂದಿತ್ತು: ಮಗ್ಗವನ್ನು ಆ ಮನೆಯವರೇ ನಡೆಸಬೇಕು, ಮಗ್ಗ ನಿಂತರೆ ಮನೆ ಬಿಡಬೇಕು. ಅಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವಾಗ ಅವನ ಪಕ್ಕಕ್ಕೆ ಅಂಟಿಕೊಂಡು ಕೂಡುವ ಜಾಗ ನನ್ನದು. ಲಾಳಿ ಎಸೆದಾಗಲೆಲ್ಲ ಅವನ ಮೊಣಕೈ ನನ್ನ ಭುಜ ಸವರುತ್ತಿತ್ತು.

ಪಕ್ಕದ ಮನೆಯ ಗಂಗವ್ವನ ಗಂಡ ತೀರಿಕೊಂಡದ್ದೇ ನನ್ನ ಜಾಗಕ್ಕೆ ಕುತ್ತು ಬಂತು. ನಮ್ಮಲ್ಲಿ ಹೆಂಗಸರು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವರು, ಗಂಜಿ ಹಚ್ಚುವರು. ಕುಣಿಗೆ ಇಳಿಯುವವರು ಗಂಡಸರು. ಗಂಗವ್ವನಿಗೋ ಕಣ್ಣು ಮಂಜು, ಇದ್ದವಳು ಒಬ್ಬಳೇ ಮಗಳು, ನನಗಿಂತ ತುಸು ದೊಡ್ಡವಳಾದ ತುಳಸವ್ವ. ಮಧ್ಯಾಹ್ನದ ಊಟವಾದದ್ದೇ ಅಪ್ಪ ನಮ್ಮ ಮಗ್ಗ ಬಿಟ್ಟು ಅಲ್ಲಿಗೆ ಹೋಗಿ ಅವಳಿಗೆ ನೇಯುವುದನ್ನು ಕಲಿಸತೊಡಗಿದ. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಅವನ ಮೊಣಕೈ ಈಗ ಅವಳ ಭುಜ ಸವರುತ್ತಿತ್ತು.

"ಏನಬೇ, ನಿನ್ನ ಗಂಡಗ ಎರಡ ಮಗ್ಗ ಆದೂವಲ್ಲ!" ಎಂದು ಓಣಿಯ ಹೆಂಗಸೊಬ್ಬಳು ಅವ್ವನನ್ನು ಕೆಣಕಿದಳು.

"ಒಂದಕ್ಕ ಕೂಲಿ, ಒಂದಕ್ಕ ಪುಣ್ಯ. ನಿನ್ನ ಗಂಡನ್ನೂ ಕಳಸವಾ, ಇನ್ನೊಂದು ಮಗ್ಗ ಹಾಕೂಣು," ಎಂದಳು ಅವ್ವ. ಅವಳಿಗಿದ್ದ ಆ ನಗು ನನಗೆ ಬರಲಿಲ್ಲ. ನನಗೂ ಕಲಿಸೆಂದು ಅಪ್ಪನ ಹತ್ತಿರ ಹಟ ಹಿಡಿದೆ. "ನಿನಗ್ಯಾಕ, ನನ್ನವ್ವಾ? ನಿನಗ ನಾ ಅದೀನಲ್ಲ," ಎಂದು ತಲೆ ಸವರಿದ.

ಸಾವಕಾರರ ಹೊಸ ಗುಮಾಸ್ತ ಪರಊರಿನವ. ಮನೆ ತನಿಖೆಗೆ ಅವನು ಬಂದದ್ದು ಅಮಾವಾಸ್ಯೆಯ ದಿನ. ಅಂದು ಮಗ್ಗಕ್ಕೆ ಪೂಜೆ. ಯಾರೂ ಲಾಳಿ ಮುಟ್ಟುವುದಿಲ್ಲ. ಗಂಡಸಿಲ್ಲದ ಮನೆಯೆಂದು ಅವನು ನೇರ ಗಂಗವ್ವನ ಬಾಗಿಲಿಗೆ ಹೋಗಿ, "ಮಗ್ಗ ನಿಂತೈತಿ. ಮನಿ ಬಿಡ್ರಿ," ಎಂದ.

"ಇವತ್ತ ಅಮಾಸಿರಿ, ಸಾಹೇಬ್ರ. ಯಾವ ಮನ್ಯಾಗ ಮಗ್ಗಿನ ಸಪ್ಪಳ ಕೇಳಸ್ತು ನಿಮಗ? ಸಾಲಮನಿ ಎಲ್ಲಾ ಖಾಲಿ ಮಾಡಸ್ತೀರೇನು?" ಎಂದಳು ಅವ್ವ. ಜನ ನಕ್ಕರು. ಅಧಿಕಾರವಿದ್ದವರ ಮುಂದೆ ಅಂಗಲಾಚಬೇಡಿ, ಪ್ರಶ್ನೆ ಕೇಳಿ. ನನ್ನ ವ್ಯಾಪಾರವೆಲ್ಲ ಅವ್ವನ ಆ ಒಂದು ಮಾತಿನಿಂದ ಕಲಿತದ್ದು. ಆದರೆ ಅವನೂ ಗಟ್ಟಿ ಆಸಾಮಿ. "ನಾಳೆ ಯಾರನ್ನರ ತಂದು ಕೂಡಸ್ತೀರಿ. ಈ ಮನಿಯವರು ಈಗ ನೇದು ತೋರಸ್ಲಿ," ಎಂದ.

ಗಂಗವ್ವ ಗೋಡೆ ಹಿಡಿದು ನಿಂತಳು. ಅಪ್ಪ ಮುಂದೆ ಹೋಗಿ ಮಗ್ಗದ ಮೇಲಿನ ಹೂವನ್ನು ಒಂದೊಂದಾಗಿ ತೆಗೆದು ಉಡಿಯಲ್ಲಿ ಹಾಕಿಕೊಂಡ. "ಇಳಿ, ನನ್ನವ್ವಾ. ಪಾಪ ಬಂದರ ನನಗಿರಲಿ."

ನನ್ನವ್ವಾ! ಆ ಕರೆ ನನ್ನೊಬ್ಬಳದಾಗಿತ್ತು.

ತುಳಸವ್ವ ಇಳಿದಳು. ಮೊದಲ ಎಸೆತಕ್ಕೆ ಎಳೆ ಹರಿಯಿತು. ಹರಿದದ್ದನ್ನು ಬೆರಳಲ್ಲಿ ಹೊಸೆದು ಗಂಟು ಹಾಕಿ, ಅಪ್ಪನಂತೆಯೇ ತುಟಿ ಕಚ್ಚಿಕೊಂಡು ಗೇಣುದ್ದ ನೇದಳು. ಗುಮಾಸ್ತ ಬಗ್ಗಿ ನೋಡಿ, "ಆತು, ಇರ್ರಿ," ಎಂದು ಹೊರಟುಹೋದ. ಎಲ್ಲರೂ ಅತ್ತರು. ನಾನೂ ಅತ್ತೆ, ಬೇರೆ ಕಾರಣಕ್ಕೆ.

ಕೆಲವು ವರ್ಷಕ್ಕೆ ಅಪ್ಪ ತೀರಿಹೋದ. ನಮ್ಮ ಮನೆಯಲ್ಲಿ ಲಾಳಿ ಹಿಡಿಯುವ ಕೈ ಇರಲಿಲ್ಲ. ಅವ್ವ ಕುಣಿಗೆ ಸೆಗಣಿ ಸಾರಿಸಿ ಬೀಗದ ಕೈ ಒಪ್ಪಿಸಿದಳು. ತುಳಸವ್ವ ಇಂದಿಗೂ ಅದೇ ಮನೆಯಲ್ಲಿದ್ದಾಳೆ. ಯಾವ ಸೀರೆಯಲ್ಲಾದರೂ ಕುಂದು ಹುಡುಕಿ ಧಾರಣೆ ಇಳಿಸುವ ನಾನು, ಅವಳು ನೇದ ಸೀರೆಯ ದಡಿಯ ಮೇಲೆ ಬೆರಳಾಡಿಸಿದೊಡನೆ ಮಾತು ನಿಲ್ಲಿಸುತ್ತೇನೆ. ಅಪ್ಪ ನೇದ ಬಿಗಿಯೇ ಅದು. ಅವಳು ಹೇಳಿದ್ದನ್ನು ಕೊಟ್ಟು ತರುತ್ತೇನೆ. ಮಾರಲು ಮನಸ್ಸಾಗುವುದಿಲ್ಲ, ಉಡಲೂ ಆಗುವುದಿಲ್ಲ.